ಉಗಾದಿಯಿಂದ ಉಗಾದಿಗೆ



ನಮ್ಮ ನಾಡಿನಲ್ಲಿ ವರ್ಷವು ಒಂದೇ ಬಾರಿಗೆ ಹುಟ್ಟುವುದಿಲ್ಲ. ಜನವರಿ ಒಂದರಂದು ಗೋಡೆಯ ಮೇಲಿನ ಕ್ಯಾಲೆಂಡರ್ ಬದಲಾಗುತ್ತದೆ. ಚೈತ್ರ ಶುದ್ಧ ಪಾಡ್ಯದಂದು ಸಂವತ್ಸರದ ಹೆಸರು ಬದಲಾಗುತ್ತದೆ. ಏಪ್ರಿಲ್ ಒಂದರಂದು ಅಂಗಡಿಯ ಹಾಗೂ ಸರ್ಕಾರದ ಲೆಕ್ಕದ ಪುಸ್ತಕ ಬದಲಾಗುತ್ತದೆ. ಓದುವ ಮಕ್ಕಳಿರುವ ಮನೆಯ ತಾಯಿಯನ್ನು ಕೇಳಿದರೆ, ಹೊಸ ಪಠ್ಯಪುಸ್ತಕಗಳಿಗೆ ರಟ್ಟು ಹಾಕುವ ಜೂನ್ ತಿಂಗಳೇ ವರ್ಷದ ಮೊದಲೆಂದು ಹೇಳಿಯಾಳು. ಇವೆಲ್ಲವುಗಳ ನಡುವೆ ದಾವಣಗೆರೆ ಸೀಮೆಯ ರೈತಾಪಿ ಜನರಿಗೆ ಉಗಾದಿಯೆಂದರೆ ಹಬ್ಬ ಮಾತ್ರವಲ್ಲ, ಅದೊಂದು ಕರಾರಿನ ದಿನವೂ ಹೌದು. ಹೊಲವನ್ನು ಗುತ್ತಿಗೆಗೆ ಕೊಡುವುದು, ಸಂಬಳದಾಳನ್ನು ಗೊತ್ತು ಮಾಡುವುದು ಇವೆಲ್ಲ ‘ಉಗಾದಿಯಿಂದ ಉಗಾದಿಗೆ’ ಎಂಬ ಮಾತಿನಲ್ಲಿಯೇ ನಡೆದು ಬಂದಿವೆ. ನಾಳಿನಿಂದ ಯಾರು ಯಾರ ಮನೆಯಲ್ಲಿ ದುಡಿಯಬೇಕು, ಯಾರು ಯಾರ ಮನೆಯಲ್ಲಿ ಉಣ್ಣಬೇಕು ಎಂಬುದು ಆ ದಿನ ತೀರ್ಮಾನವಾಗುತ್ತಿತ್ತು. 2025ರ ಉಗಾದಿಯಂದು ನಮ್ಮ ಮನೆಯಲ್ಲಿಯೂ ಅಂಥದೇ ಒಂದು ತೀರ್ಮಾನಕ್ಕೆ ಎಲ್ಲರೂ ಕುಳಿತಿದ್ದೆವು. ಗೊತ್ತು ಮಾಡಬೇಕಾಗಿದ್ದುದು ಆಳನ್ನಲ್ಲ, ನಮ್ಮ ಅತ್ತೆಯವರನ್ನು.

ವಿಷಯಕ್ಕೆ ಬರುವ ಮುನ್ನ ಒಂದು ಮಾತು. ಮಠಕ್ಕೆ ಬರುವ ತಾಯಂದಿರು ಫಾಲ್ಗುಣ ಮಾಸ ಮುಗಿಯುತ್ತಿದ್ದಂತೆ ನನ್ನನ್ನು ಕೇಳುವುದುಂಟು: “ಶರಣರು ತಿಥಿ, ವಾರ, ನಕ್ಷತ್ರಗಳ ಶುಭಾಶುಭಗಳನ್ನು ಒಪ್ಪಲಿಲ್ಲವಲ್ಲ, ಹಾಗಾದರೆ ನಾವು ಉಗಾದಿ ಮಾಡಬಹುದೇ?” ಮಾಡಬಹುದು ಎಂದೇ ನನ್ನ ಉತ್ತರ. ಬೇವು ಹೂ ಬಿಟ್ಟಿರುತ್ತದೆ, ಮಾವು ಕಾಯಿ ಹಿಡಿದಿರುತ್ತದೆ. ಇದಕ್ಕೆ ಯಾವ ಪಂಚಾಂಗದ ಅಪ್ಪಣೆಯೂ ಬೇಕಿಲ್ಲ. ಮಿಂದು ಮಡಿಯುಟ್ಟು, ಇಷ್ಟಲಿಂಗ ಪೂಜೆ ಮಾಡಿಕೊಂಡು, ಬೇವು ಬೆಲ್ಲ ಹಂಚಿ ಉಣ್ಣುವುದಕ್ಕೆ ಅಡ್ಡಿಯೇನಿದೆ? ಆದಾಯವೆಷ್ಟು ವ್ಯಯವೆಷ್ಟು ಎಂದು ರಾಶಿಫಲದಲ್ಲಿ ಹುಡುಕುವುದನ್ನು ಮಾತ್ರ ಬಿಡಬೇಕು. ಅದರ ಲೆಕ್ಕ ಮನೆಯ ಹೆಣ್ಣುಮಗಳಿಗೆ ಮೊದಲೇ ಗೊತ್ತಿರುತ್ತದೆ.

ಅತ್ತೆಯವರ ಮನೆ ಇರುವುದು ಹರಿಹರದಲ್ಲಿ, ಹರಿಹರೇಶ್ವರ ದೇವಾಲಯಕ್ಕೆ ಸ್ವಲ್ಪ ದೂರದ ಒಂದು ಓಣಿಯಲ್ಲಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ದೇವಾಲಯದಲ್ಲಿ ಒಂದೇ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ದಾವಣಗೆರೆಯ ನಮ್ಮ ಬಾಡಿಗೆ ಮನೆಗೂ ಅಲ್ಲಿಗೂ ಸುಮಾರು 14 ಕಿಲೋಮೀಟರು. ನಡುವೆ ಬಾತಿ ಕೆರೆ, ಬಾತಿ ಗುಡ್ಡ, ಎರಡೂ ಕಡೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಕೊಡುವುದು ತಪ್ಪಿದಂದಿನಿಂದ ಅತ್ತೆಯವರಿಗೆ ಆ 14 ಕಿಲೋಮೀಟರು ಓಣಿಯ ಇನ್ನೊಂದು ತುದಿಯಷ್ಟೇ ಹತ್ತಿರವಾಗಿಬಿಟ್ಟಿತು. ಮನಸ್ಸು ಬಂದಾಗ ಬರುವರು, ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ಹೊರಟುಬಿಡುವರು. ಮೊದಲಾಗಿದ್ದರೆ ಮಗ ಹೋಗಿ ಕರೆತರಬೇಕಿತ್ತು, ಮಗನೇ ಬಿಟ್ಟು ಬರಬೇಕಿತ್ತು.

ಅವರ ಓಣಿಯಲ್ಲಿ ಅವರನ್ನು ಇಂಥವರ ತಾಯಿ ಎಂದು ಯಾರೂ ಗುರುತಿಸುವುದಿಲ್ಲ. ‘ಶಾವಿಗೆ ಅಮ್ಮ’ ಎಂದರೆ ಸಾಕು, ಮನೆ ತೋರಿಸುತ್ತಾರೆ. ಮಾವನವರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಬೇಸಿಗೆಯ ಬಿಡುವಿನ ಕೆಲಸವಾಗಿದ್ದ ಶಾವಿಗೆ, ಆ ಕೆಲಸ ನಿಂತ ಮೇಲೆ ಮನೆಯ ಅನ್ನವಾಯಿತು. ಮೊದಲು ಕೈಯಿಂದ ತಿರುಗಿಸುವ ಒತ್ತುಮಣೆ, ಅನಂತರ ಮೋಟರಿನ ಯಂತ್ರ. ಗಿರಾಕಿಗಳು ತಮ್ಮ ತಮ್ಮ ಗೋಧಿಯನ್ನು ನೆನೆಸಿ, ಒಣಗಿಸಿ, ಬೀಸಿಸಿ ಹಿಟ್ಟನ್ನೂ ಸಣ್ಣ ರವೆಯನ್ನೂ ತಂದುಕೊಡುವರು. ಅತ್ತೆಯವರು ಹದ ನೋಡಿ ನಾದುವರು. ಹಿಟ್ಟು ತುಸು ಸಡಿಲಾದರೆ ಎಳೆ ಒಂದಕ್ಕೊಂದು ಅಂಟುತ್ತದೆ, ಬಿಗಿಯಾದರೆ ಕೋಲಿನ ಮೇಲೆ ಹಾಕುತ್ತಲೇ ತುಂಡಾಗುತ್ತದೆ. ಯಂತ್ರದ ಬಾಯಿಂದ ಇಳಿಯುವ ಎಳೆಗಳನ್ನು ಬಿದಿರುಕೋಲಿನ ಮೇಲೆ ತೆಗೆದುಕೊಂಡು ಮಾಳಿಗೆಯ ಮೇಲೆ ಸಾಲಾಗಿ ಹಾಕಬೇಕು. ಒಳ್ಳೆಯ ಬಿಸಿಲಿದ್ದರೆ ಒಂದೇ ದಿನಕ್ಕೆ ಗರಿಗರಿಯಾಗುತ್ತದೆ. ಮೋಡವಾದರೆ ಮುಗ್ಗುಲು ವಾಸನೆ ಹಿಡಿದು ಹಿಟ್ಟು, ಕೂಲಿ, ಹೆಸರು ಮೂರೂ ಕೆಡುತ್ತವೆ. ಆದ್ದರಿಂದ ಅವರ ವರ್ಷ ಸಂಕ್ರಾಂತಿಯ ನಂತರ ಆರಂಭವಾಗಿ ಮೊದಲ ದೊಡ್ಡ ಮಳೆಗೆ ಮುಗಿಯುತ್ತದೆ. ಉಳಿದ ತಿಂಗಳುಗಳನ್ನು ಅವರು ‘ಸುಮ್ನಿರೋ ಕಾಲ’ ಎನ್ನುತ್ತಾರೆ.

2025ರ ಜನವರಿಯ ಕೊನೆಯಲ್ಲಿ ಕೋಲುಗಳ ಕಟ್ಟು ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವರು ಜಾರಿ ಬಿದ್ದರು. ಎಡಗೈಯ ಮಣಿಕಟ್ಟು ಮುರಿಯಿತು. ಪಕ್ಕದ ಮನೆಯ ತಾಯಿ ಸದ್ದು ಕೇಳಿ ಓಡಿ ಬಂದು ಆಟೋ ತರಿಸಿದರು. ನಮ್ಮ ಯಜಮಾನರು ತಲಪುವಷ್ಟರಲ್ಲಿ ಕೈಗೆ ಪಟ್ಟಿ ಹಾಕಿಯಾಗಿತ್ತು. ಅಂದು ರಾತ್ರಿ ಬೆಂಗಳೂರಿನಿಂದ ಭಾವನವರು ಫೋನ್ ಮಾಡಿ ಹೇಳಿದ ಮಾತು ಒಂದೇ: “ಇನ್ನು ಅವ್ವ ಒಬ್ಬಳೇ ಇರಕೂಡದು.” ಈ ಮಾತನ್ನು ತಪ್ಪೆನ್ನುವವರು ಯಾರಿದ್ದಾರೆ? ಎಪ್ಪತ್ತು ದಾಟಿದ ಜೀವ. ರಾತ್ರಿ ಹೊತ್ತು ಬಿದ್ದಿದ್ದರೆ ಎಂದು ಯೋಚಿಸಿ ನಾನೂ ನಿದ್ದೆಗೆಟ್ಟಿದ್ದೇನೆ.

ಭಾವನವರು ಒಂದು ಏರ್ಪಾಡನ್ನು ಯೋಚಿಸಿದ್ದರು. ಮೂವರು ಮಕ್ಕಳು, ಹನ್ನೆರಡು ತಿಂಗಳು. ಉಗಾದಿಯಿಂದ ನಾಲ್ಕು ತಿಂಗಳು ಬೆಂಗಳೂರಿನಲ್ಲಿ ಅವರ ಮನೆ, ಮುಂದಿನ ನಾಲ್ಕು ದಾವಣಗೆರೆಯಲ್ಲಿ ನಮ್ಮ ಮನೆ, ಕೊನೆಯ ನಾಲ್ಕು ರಾಣೇಬೆನ್ನೂರಿನಲ್ಲಿ ನಾದಿನಿಯ ಮನೆ. ಹರಿಹರದ ಮನೆಯನ್ನು ಬಾಡಿಗೆಗೆ ಕೊಟ್ಟು ಅದರ ಹಣವನ್ನು ಅತ್ತೆಯವರ ಖಾತೆಗೆ ಹಾಕುವುದು. ನಾದಿನಿಯನ್ನು ಈ ಲೆಕ್ಕದಲ್ಲಿ ಸೇರಿಸಿಕೊಳ್ಳಲು ಅವರು ಮೊದಲು ಸಂಕೋಚಪಟ್ಟರಂತೆ. ಆಕೆ ನಕ್ಕು, “2005ರ ಕಾನೂನಿನಾಗೆ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಆತಲ್ಲಣ್ಣ, ಅವ್ವನ್ಯಾಗೂ ನನಗೆ ಸಮಪಾಲು ಬೇಕು” ಎಂದಳಂತೆ. ಇಂಥ ಮಾತನ್ನು ನಗುತ್ತಾ ಹೇಳಬಲ್ಲ ಮಗಳನ್ನು ಪಡೆದ ತಾಯಿ ಧನ್ಯೆ.

ಆ ವರ್ಷ ವಿಶ್ವಾವಸು ಸಂವತ್ಸರದ ಉಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಮರುದಿನ ರಂಜಾನ್ ಹಬ್ಬ. ಅದೇ ಮರುದಿನವೇ ಮಾರ್ಚ್ ಕೊನೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಯಜಮಾನರಿಗೆ ವರ್ಷದಲ್ಲೇ ಅತಿ ಕಠಿಣವಾದ ದಿನ. ಮಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ 21ರಿಂದಲೇ ನಡೆದಿದ್ದು ವಿಜ್ಞಾನವೂ ತೃತೀಯ ಭಾಷೆಯೂ ಬಾಕಿ ಇದ್ದವು. ಅವಳನ್ನು ಬಿಟ್ಟು ಹೋಗುವಂತಿಲ್ಲ, ಕರೆದುಕೊಂಡು ಹೋದರೆ ಓದು ಕೆಡುತ್ತದೆ. ಕೊನೆಗೆ ಅವಳೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅಜ್ಜಿಯ ಬಗ್ಗೆ ಮಾತಾಡುವ ದಿನ ತಾನಿಲ್ಲದಿದ್ದರೆ ಹೇಗೆ ಎಂಬುದು ಅವಳ ವಾದ. ಅವಳ ಮಾತಿಗೆ ಆಧಾರವಿತ್ತು. ನಾನು ಮದುವೆಯಾಗಿ ಬಂದಾಗ ಬಿ.ಎ. ಮುಗಿದಿತ್ತಷ್ಟೆ. ಎಂ.ಎ. ಓದಿದ್ದು ಮಗಳು ಹುಟ್ಟಿದ ಮೇಲೆ. ಎರಡು ವರ್ಷವೂ ಪರೀಕ್ಷೆಯ ತಿಂಗಳಲ್ಲಿ ಮಗುವನ್ನು ಹರಿಹರಕ್ಕೆ ಒಯ್ದು, ಶಾವಿಗೆಯ ಕೋಲುಗಳ ಕೆಳಗಿನ ನೆರಳಿನಲ್ಲಿ ಮಲಗಿಸಿ ಸಾಕಿದವರು ಅತ್ತೆಯವರು. ಇಂದು ಮಠದಲ್ಲಿ ಕುಳಿತು ವಚನಗಳ ಪಾಠಾಂತರ ನೋಡುವ ನನ್ನ ಕೆಲಸದ ಹಿಂದೆ ಆ ಎರಡು ಬೇಸಿಗೆಗಳಿವೆ.

ಹಬ್ಬದ ಅಡುಗೆಯನ್ನು ವಿಸ್ತರಿಸುವುದಿಲ್ಲ. ಹೋಳಿಗೆ, ಕಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ ಎಲ್ಲ ಮನೆಗಳಲ್ಲಿಯೂ ಇರುವಂಥದೇ. ಬೇವು ಮಾತ್ರ ಅವರ ಮನೆಯಲ್ಲಿ ಬೇರೆ ಬಗೆ. ಚನ್ನಗಿರಿ ಕಡೆಯ ನನ್ನ ತವರಿನಲ್ಲಿ ಬೇವು ಬೆಲ್ಲವನ್ನು ಕುಟ್ಟಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅತ್ತೆಯವರು ಹುಣಸೆ ನೀರಿಗೆ ಬೆಲ್ಲ, ಹುರಿಗಡಲೆ ಹಿಟ್ಟು, ಮಾವಿನಕಾಯಿ ತುರಿ ಹಾಕಿ ಬೇವಿನ ಹೂ ಉದುರಿಸಿ ಲೋಟದ ತುಂಬ ಕೊಡುತ್ತಾರೆ. ಲೋಟ ಖಾಲಿಯಾಗುವವರೆಗೆ ಎದುರಿಗೆ ನಿಂತಿರುತ್ತಾರೆ.

ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕುಳಿತೆವು. ಭಾವನವರು ಒಂದು ಹಾಳೆಯಲ್ಲಿ ತಿಂಗಳುಗಳನ್ನು ಬರೆದು ತಂದಿದ್ದರು. ಅವರು ಮಾತು ಆರಂಭಿಸುವಷ್ಟರಲ್ಲಿ ಬಾಗಿಲಲ್ಲಿ ಯಾರೋ, “ಅಮ್ಮಾ, ನಮ್ದು ಆಗೈತಾ?” ಎಂದರು. ಮರುದಿನ ರಂಜಾನ್. ಶೀರ್ ಖುರ್ಮಾಕ್ಕೆ ಶಾವಿಗೆ ಬೇಕು. ಅತ್ತೆಯವರು ಎದ್ದು ಹೋಗಿ ಡಬ್ಬಿ ತೆರೆದು ತೂಗಿ ಕೊಟ್ಟು ಬಂದರು. ಭಾವನವರು ಮತ್ತೆ ಆರಂಭಿಸಿದರು. ಮತ್ತೊಬ್ಬರು ಬಂದರು. ಹೀಗೆ ಆ ಮಧ್ಯಾಹ್ನ ಎಷ್ಟು ಸಲ ಅವರು ಎದ್ದರೋ ಲೆಕ್ಕವಿಲ್ಲ. ಪಕ್ಕದ ಮನೆಯ ತಾಯಿ, ಅಂದು ಆಟೋ ತರಿಸಿದವರೇ, ರೋಜಾ ಹಿಡಿದ ಬಾಯಲ್ಲಿ ನೀರೂ ಕುಡಿಯದೆ ಬಂದು ತಮ್ಮ ಪಾಲನ್ನು ಒಯ್ಯುವಾಗ ನಮ್ಮೆಲ್ಲರನ್ನೂ ನೋಡಿ, “ಏನು, ಪಂಚಾಯ್ತಿ ಇದ್ದಂಗೈತಿ?” ಎಂದು ನಕ್ಕು ಹೋದರು. ಯಾರ ಬಗ್ಗೆ ತೀರ್ಮಾನ ಮಾಡಬೇಕೋ ಅವರೊಬ್ಬರೇ ಆ ಸಭೆಯಲ್ಲಿ ಬಿಡುವಿಲ್ಲದವರಾಗಿದ್ದರು.

ಮೊದಲ ತೊಡಕು ಬಂದದ್ದು ರೇಷನ್ ಕಾರ್ಡಿನಲ್ಲಿ. ಅತ್ತೆಯವರದು ಬೇರೆಯೇ ಕಾರ್ಡು. ಅದರಲ್ಲಿ ಅವರೇ ಯಜಮಾನಿ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿ ಅವರ ಖಾತೆಗೇ ಬರುತ್ತದೆ. ಭಾವನವರು, ಹೆಸರನ್ನು ತಮ್ಮ ಕಾರ್ಡಿಗೆ ಸೇರಿಸಿಕೊಂಡರೆ ವೈದ್ಯಕೀಯ ಸೌಲಭ್ಯಕ್ಕೆ ಅನುಕೂಲವೆಂದರು. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ ಎಂಬುದನ್ನು ನಮ್ಮ ಯಜಮಾನರು ನೆನಪಿಸಿದರು. ಹಣ ಹೋದರೆ ತಾವು ಕೊಡುವುದಾಗಿ ಭಾವನವರು ಹೇಳಿದರು. ಖಂಡಿತವಾಗಿಯೂ ಕೊಡುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಅತ್ತೆಯವರು ಏನೂ ಹೇಳಲಿಲ್ಲ. ತಕ್ಕಡಿಯ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದರು.

ವೃದ್ಧ ತಂದೆತಾಯಿಯರನ್ನು ಮಕ್ಕಳು ನೋಡಿಕೊಳ್ಳಬೇಕೆಂದು 2007ರಲ್ಲಿ ಕೇಂದ್ರ ಸರ್ಕಾರ ಕಾಯ್ದೆಯನ್ನೇ ಮಾಡಿತು. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡಬಹುದು. ಅಂಥ ದೂರು ಕೊಡಬೇಕಾದ ತಾಯಂದಿರನ್ನು ಮಠದ ದಾಸೋಹದ ಪಂಕ್ತಿಯಲ್ಲಿ ನಾನು ಕಂಡಿದ್ದೇನೆ. ನಮ್ಮ ಮನೆಯ ಕಷ್ಟ ಅದಕ್ಕೆ ತೀರ ವಿರುದ್ಧವಾದುದು. ಮೂವರೂ ನೋಡಿಕೊಳ್ಳುತ್ತೇನೆಂದು ಮುಂದೆ ಬಂದಿದ್ದೆವು. ಇದಕ್ಕೆ ಯಾವ ಕಾಯ್ದೆಯಲ್ಲಿ ಪರಿಹಾರವಿದೆಯೋ!

ಕೊನೆಗೆ ಹಾಳೆಯನ್ನು ಓದಿ ಮುಗಿಸಿ ಭಾವನವರು, “ಏನವ್ವಾ, ಒಪ್ಗೀನಾ?” ಎಂದರು. ಅತ್ತೆಯವರು ನನ್ನ ಓರಗಿತ್ತಿಯ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮನ್ಯಾಗೆ ಬಿಸಿಲು ಎಷ್ಟೊತ್ತು ಬರ್ತತವ್ವಾ?”

ಓರಗಿತ್ತಿ ಸುಳ್ಳು ಹೇಳುವವರಲ್ಲ. ಮೂರನೆಯ ಮಹಡಿಯ ಮನೆ, ಎದುರಿಗೆ ಇನ್ನೊಂದು ಕಟ್ಟಡ. “ಬಾಲ್ಕನಿಗೆ ಬೆಳಿಗ್ಗೆ ಒಂದು ಗಂಟೆ ಬರುತ್ತೆ ಅತ್ತೆ” ಎಂದರು. ಅತ್ತೆಯವರು ಭಾವನವರ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡರು. ಅವರಿಗೆ ಓದು ಬರುತ್ತದೆ, ನಿಧಾನವಾಗಿ. ತಿಂಗಳುಗಳ ಮೇಲೆ ಬೆರಳಿಟ್ಟು ನೋಡಿದರು.

“ನನ್ನೇನು ಸಂಬಳದಾಳು ಮಾಡಿದ್ರೇನಪ್ಪಾ, ಉಗಾದಿಯಿಂದ ಉಗಾದಿಗೆ ಗೊತ್ತು ಮಾಡಾಕೆ? ಆಳಿಗಾದ್ರೂ ಕೆಲಸ ಐತೋ ಇಲ್ಲೋ ನೋಡಿ ಕರೀತಾರೆ. ನೀವು ಕೆಲಸ ಇರೋ ಹೊತ್ತಿನಾಗೆ ನನ್ನ ಎಬ್ಬಿಸ್ಕೊಂಡು ಹೊಂಟೀರಿ, ಸುಮ್ನಿರೋ ಹೊತ್ತಿನಾಗೆ ಎಲ್ಲಿ ಬಿಡ್ತೀರಿ?”

ಯಾರೂ ಮಾತಾಡಲಿಲ್ಲ. ಭಾವನವರ ಮುಖ ಸಣ್ಣದಾಯಿತು. ಅದನ್ನು ಕಂಡು ಅತ್ತೆಯವರ ದನಿಯೂ ಇಳಿಯಿತು. ಮಗನ ಮುಖ ಸಣ್ಣದಾದುದನ್ನು ನೋಡಿ ಗೆದ್ದೆನೆಂದುಕೊಳ್ಳುವ ತಾಯಿ ಇರಲಾರಳು. “ಬರಾಂಗಿಲ್ಲ ಅಂತ ನಾನೆಲ್ಲಿ ಅಂದೆ? ಮಳಿಗಾಲ ಹಿಡೀಲಿ, ಬರ್ತೀನಿ. ಮೂರೂ ಮನಿಗೂ ಬರ್ತೀನಿ. ಬಿಸಿಲಿರೋ ತನಕ ಕೇಳಬ್ಯಾಡ್ರಿ” ಎಂದರು.

ಇಷ್ಟಕ್ಕೇ ಎಲ್ಲವೂ ಸುಖಾಂತವಾಯಿತೆಂದು ಬಂಧುಗಳು ತಿಳಿಯಬಾರದು. ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು, ಮಣಿಕಟ್ಟು ಇನ್ನೂ ಪೂರ್ತಿ ಕೂಡಿರಲಿಲ್ಲ. ಭಾವನವರು ತಮ್ಮ ಆತಂಕವನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆಮೇಲೆ ಮಾತು ಬೇರೆ ದಾರಿ ಹಿಡಿಯಿತು. ಮಾಳಿಗೆಯ ಬದಲು ಪಕ್ಕದ ಮನೆಯ ಅಂಗಳದಲ್ಲಿ ಕೋಲು ಹಾಕಬಹುದೇ? ಕೇಳಿದರೆ ಅವರು ಇಲ್ಲವೆನ್ನುವುದಿಲ್ಲ. ಸಹಾಯಕ್ಕೆ ಬರುವ ಹೆಣ್ಣುಮಗಳು ರಾತ್ರಿಯೂ ಅಲ್ಲಿಯೇ ಮಲಗಬಹುದೇ? ಅದಕ್ಕೆ ತಿಂಗಳಿಗಿಷ್ಟೆಂದು ಭಾವನವರು ಕೊಡುವುದು. ಬಚ್ಚಲಿನ ಗೋಡೆಗೂ ಮೆಟ್ಟಿಲಿಗೂ ಹಿಡಿಕೆ ಹಾಕಿಸುವುದು ನಮ್ಮ ಪಾಲು. ಭಾನುವಾರಕ್ಕೊಮ್ಮೆ ಬಂದು ಹೋಗುವುದು ನಾದಿನಿಯ ಪಾಲು. ಹೊಳೆ ದಾಟಿದರೆ ಅವಳದು ದೂರವೇನಲ್ಲ. ಅತ್ತೆಯವರೂ ತಮ್ಮ ಪಾಲೊಂದನ್ನು ಹೇಳಿದರು: ದಿನಕ್ಕೆ ಹತ್ತು ಕಿಲೋ ಮಾತ್ರ. ಹೆಚ್ಚಿಗೆ ಯಾರು ತಂದರೂ ಮರುದಿನಕ್ಕೆ ಬರಹೇಳುವುದು. ಭಾವನವರ ಹಾಳೆಯ ಹಿಂಬದಿಯಲ್ಲಿ ನಮ್ಮ ಯಜಮಾನರು ಇವನ್ನೆಲ್ಲ ಬರೆದುಕೊಂಡರು, ಮಾರ್ಚ್ ಕೊನೆಯ ಅಭ್ಯಾಸ!

ಅಂದು ಸಂಜೆ ತುಂಗಭದ್ರೆಯ ಕಡೆಯ ಆಕಾಶದಲ್ಲಿ ಎಳೆಯಂಥ ಚಂದ್ರ ಕಂಡಿತು. ನಾವು ಉಗಾದಿಯ ಚಂದ್ರನೆಂದು ನೋಡಿ ಹಿರಿಯರ ಪಾದ ಮುಟ್ಟುವಾಗ ಓಣಿಯ ಇನ್ನೊಂದು ತುದಿಯಲ್ಲಿ ರಂಜಾನಿನ ಚಂದ್ರನೆಂದು ಪಟಾಕಿ ಹಾರಿಸಿದರು. ಶಾವಿಗೆಯ ಎಳೆಯಂತಿದೆ ಎಂದಳು ಮಗಳು.

ಈ ಪ್ರಸಂಗವನ್ನು ವಚನ ಸಾಹಿತ್ಯದ ಪುಟದಲ್ಲಿ ಏಕೆ ಬರೆಯುತ್ತಿದ್ದೇನೆಂದು ಯಾರಾದರೂ ಕೇಳಬಹುದು. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಸಂಪುಟಗಳಾಗಿ ಪ್ರಕಟಿಸಿತು. ಅವುಗಳಲ್ಲಿ ಐದನೆಯದು ಶಿವಶರಣೆಯರ ವಚನ ಸಂಪುಟ. ಕೆಲಸದ ನಿಮಿತ್ತ ಅದರ ಪುಟ ತಿರುಗಿಸುತ್ತಲೇ ಇರುತ್ತೇನೆ. ಅಲ್ಲಿ ಅನೇಕ ಶರಣೆಯರನ್ನು ಇಂಥವರ ಪುಣ್ಯಸ್ತ್ರೀ ಎಂದು ಗುರುತಿಸಲಾಗಿದೆ. ಹಡಪದ ಅಪ್ಪಣ್ಣನವರ ಪುಣ್ಯಸ್ತ್ರೀ ಲಿಂಗಮ್ಮ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಹೀಗೆ. ಇಂಥವರ ತಾಯಿ ಎಂದು ಗುರುತಿಸಿದ ಒಂದು ಹೆಸರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇನ್ನು ಕೆಲವರಿಗೆ ಗಂಡನ ಹೆಸರೂ ಅಂಟಿಲ್ಲ, ಕೆಲಸದ ಹೆಸರು ಅಂಟಿದೆ. ಕದಿರು ಹಿಡಿದು ನೂಲುತ್ತಿದ್ದವಳು ಕದಿರೆ ರೆಮ್ಮವ್ವೆ, ಭತ್ತ ಕುಟ್ಟುತ್ತಿದ್ದವಳು ಕೊಟ್ಟಣದ ಸೋಮವ್ವೆ. ಹತ್ತಿ ಗಿರಣಿಗಳಿಂದ ಹೆಸರಾಗಿ, ಇಂದಿಗೂ ಭತ್ತ ಅಕ್ಕಿಗಳ ವ್ಯಾಪಾರದಿಂದ ಬದುಕುವ ದಾವಣಗೆರೆಯವರಿಗೆ ಈ ಇಬ್ಬರೂ ನೆರೆಮನೆಯವರಂತೆ ತೋರಬೇಕು. ಎಂಟು ನೂರು ವರ್ಷಗಳ ಮೇಲೂ ಆ ಹೆಣ್ಣುಮಕ್ಕಳಿಗೆ ಉಳಿದಿರುವುದು ಅವರ ಕೈಯ ಕೆಲಸದ ಗುರುತು. ಕಾಯಕವೆಂದರೆ ದುಡಿಮೆಯ ಮಹತ್ವವೆಂದು ನಾವು ಉಪನ್ಯಾಸಗಳಲ್ಲಿ ಹೇಳುತ್ತೇವೆ. ಒಬ್ಬ ಮುದುಕಿಯಿಂದ ಅದನ್ನು ಕಸಿದುಕೊಂಡರೆ ಅವಳ ಹೆಸರನ್ನೇ ಕಸಿದಂತೆ ಎಂಬ ಮುಖವನ್ನು ಅಷ್ಟಾಗಿ ಹೇಳುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದವಳು ಆಕೆ. ಇದನ್ನು ನಿರಾಸೆಯ, ಅಪರಿಗ್ರಹದ ಪ್ರಸಂಗವೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ದಿನವೂ ಒಲೆಯ ಮುಂದೆ ನಿಲ್ಲುವವಳಿಗೆ ಅಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಆ ಮನೆಯ ಅಳತೆ ಎಷ್ಟೆಂಬುದನ್ನು ನಿರ್ಧರಿಸುತ್ತಿದ್ದವಳು ಲಕ್ಕಮ್ಮ. ತನ್ನ ಅಳತೆಯನ್ನು ತಾನು ಹೇಳಬಲ್ಲವಳಿಗೆ ಮಾತ್ರ ಹೆಚ್ಚಾದುದನ್ನು ಬೇಡವೆನ್ನಲು ಸಾಧ್ಯ.

ಅಕ್ಕನಾಗಮ್ಮನ ವಿಷಯದಲ್ಲಿಯೂ ನನಗೆ ಹೀಗೆಯೇ ಅನ್ನಿಸುತ್ತದೆ. ಬಸವಣ್ಣನವರ ಅಕ್ಕ, ಚನ್ನಬಸವಣ್ಣನವರ ತಾಯಿ ಎಂದೇ ನಾವು ಆಕೆಯನ್ನು ಪರಿಚಯಿಸುತ್ತೇವೆ. ಕಲ್ಯಾಣದಲ್ಲಿ ಕ್ರಾಂತಿಯಾದ ಮೇಲೆ ಶರಣರ ದಂಡಿನೊಡನೆ, ಮಗನೊಡನೆ ಉಳವಿಯವರೆಗೆ ನಡೆದು ಬಂದಳು. ಮಗ ಉಳವಿಯಲ್ಲಿ ಐಕ್ಯನಾದ. ತಾಯಿ ಅಲ್ಲಿ ನಿಲ್ಲದೆ ಮುಂದೆ ನಡೆದು ತರೀಕೆರೆ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಉಳವಿಯ ಜಾತ್ರೆಗೆ ಹೋಗುವವರು ಅಷ್ಟೊಂದು ಜನ, ಎಣ್ಣೆಹೊಳೆಗೆ ಹೋಗುವವರು ವಿರಳ. ಮಗನಿಲ್ಲದ ಆ ಉಳಿದ ದಾರಿಯನ್ನು ಆಕೆ ಹೇಗೆ ನಡೆದಳೆಂದು ನಾನು ಬಹಳ ಸಲ ಯೋಚಿಸಿದ್ದುಂಟು.

ಉಗಾದಿಯ ರಾತ್ರಿ ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಮಗಳು ವಿಜ್ಞಾನದ ಪುಸ್ತಕವನ್ನು ತೆರೆದವಳು ಬಾತಿ ಬರುವಷ್ಟರಲ್ಲಿ ಮುಚ್ಚಿಟ್ಟಳು.

“ಅಮ್ಮಾ, ಅಜ್ಜಿಗೆ ಶಾವಿಗೆ ಐತಿ. ಮುಂದೆ ನಿನಗೇನೈತಿ?”

“ನನಗೆ ಮಠದ ಕೆಲಸ ಇದೆಯಲ್ಲ, ವಚನದ ಕರಡು ತಿದ್ದೋದು.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಅದಕ್ಕೆ ಬಿಸಿಲು ಬೇಕಾಗಿಲ್ಲ. ಹಂಗಾದ್ರೆ ನಿನ್ನ ಯಾವ ತಿಂಗಳಾದ್ರೂ ಕರೆಸ್ಕೋಬಹುದು” ಎಂದಳು. ಪ್ರೀತಿಯಿಂದಲೇ ಹೇಳಿದ ಮಾತು. ಪಕ್ಕದಲ್ಲಿದ್ದ ನಮ್ಮವರು ಗಟ್ಟಿಯಾಗಿ ನಕ್ಕುಬಿಟ್ಟರು. ನಾನೂ ನಕ್ಕೆ. ನಕ್ಕ ಮೇಲೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ನನಗೂ ಒಂದು ಕಾಲವಿದೆ ಎಂಬುದನ್ನು ಅವಳಿಗೆ ಆ ದಿನ ಹೇಳಲಿಲ್ಲ, ಪರೀಕ್ಷೆ ಮುಗಿದ ಮೇಲೆ ಹೇಳಿದೆ. ಉಗಾದಿಯಿಂದ ಬಸವ ಜಯಂತಿಯವರೆಗಿನ ಒಂದು ತಿಂಗಳು ನನ್ನ ಬಿಸಿಲುಗಾಲ. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆಗೂಡಿ 1913ರಲ್ಲಿ ಆರಂಭಿಸಿದ್ದು ನಮ್ಮ ದಾವಣಗೆರೆಯ ವಿರಕ್ತಮಠದಲ್ಲಿಯೇ. 1906ರಲ್ಲಿ ಇದೇ ಊರಿನಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದ ಆ ಮಹನೀಯರ ನೆನಪಿರುವ ಊರಿನಲ್ಲಿ ಜಯಂತಿಯ ಹೊತ್ತಿಗೆ ಪುಸ್ತಿಕೆ ತಪ್ಪುಗಳಿಲ್ಲದೆ ಬರಬೇಕೆಂಬ ಹಟ ನನಗೆ. 2025ರಲ್ಲಿ ಜಯಂತಿ ಏಪ್ರಿಲ್ 30ಕ್ಕೆ ಬಂತು. ಆ ತಿಂಗಳಲ್ಲಿ ಯಾರಾದರೂ ನನ್ನನ್ನು ಪಾಳಿಗೆ ಕರೆದರೆ ನಾನು ಬರುವುದಿಲ್ಲವೆಂದು ಮಗಳಿಗೆ ತಿಳಿಸಿದೆ. “ಬರೆದಿಟ್ಟುಕೊಳ್ತೀನಿ” ಎಂದಳು. ಮೇ 2ರಂದು ಫಲಿತಾಂಶ ಬಂತು. ವಿಜ್ಞಾನದಲ್ಲಿ ಅವಳ ಅಂಕಗಳು ಚೆನ್ನಾಗಿಯೇ ಇದ್ದವು. ಮೊದಲ ಫೋನು ಹರಿಹರಕ್ಕೆ ಹೋಯಿತು. ಅತ್ತೆಯವರು ಯಂತ್ರದ ಸದ್ದಿನಲ್ಲಿ ಮೂರು ಸಲ ‘ಎಷ್ಟು?’ ಎಂದರು.

ಆ ವರ್ಷ ಮಳೆ ಯಾರ ಹಾಳೆಯನ್ನೂ ಕೇಳಲಿಲ್ಲ. ಮೇ ತಿಂಗಳಲ್ಲಿಯೇ ಎಡೆಬಿಡದೆ ಸುರಿಯತೊಡಗಿತು. ಮುಂಗಾರು 24ಕ್ಕೇ ಕೇರಳವನ್ನು ತಲಪಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಕೊನೆಯ ವಾರದ ಒಂದು ಮಧ್ಯಾಹ್ನ ನಾನು ಮಠದಿಂದ ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲಿ ಕೊಡೆ ಒದರುತ್ತ ನಿಂತಿದ್ದರು. ಒಪ್ಪಿಕೊಂಡಿದ್ದ ಹದಿನೆಂಟು ಕಿಲೋ ಹಿಟ್ಟನ್ನು ಅವರವರ ಮನೆಗೆ ಹಿಂದಿರುಗಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಿ, ಬೀಗದ ಕೈಯನ್ನು ಪಕ್ಕದ ಮನೆಯ ತಾಯಿಗೆ ಕೊಟ್ಟು ಬಂದಿದ್ದರು. ಕೈಯಲ್ಲಿ ಒಂದು ಚೀಲ ಬಟ್ಟೆ, ಇನ್ನೊಂದು ಡಬ್ಬಿ ಶಾವಿಗೆ. ಕಾಲು ತೊಳೆದು ಒಳಗೆ ಬಂದು, ಮಗಳು ಕೊಟ್ಟ ಚಹಾ ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಇಲ್ಲಿ ಮಾಳಿಗಿಗೆ ಮೆಟ್ಲು ಎಷ್ಟದಾವವ್ವಾ?”

ಮಗಳು ಎಣಿಸಿಟ್ಟಿದ್ದಳು. “ಹದಿನಾರು ಅಜ್ಜಿ” ಎಂದಳು. “ಹಿಡಿಕೆ ಇಲ್ಲ. ಅಪ್ಪಾಜಿ ಹಾಕಿಸ್ತಾರೆ.”